ತ್ರಿಭುಜದ 180°: ಮೊದಲು ಛೇದಕ ಯಾವುದು ಅಂತ ಕೇಳಿ

ರೇಖಾಖಂಡ, ಕಿರಣ, ಲಘುಕೋನ, ವಿಶಾಲಕೋನ ಎಲ್ಲ ನಿಮಗೆ ಗೊತ್ತೇ ಇರುತ್ತದೆ, ಬಿಟ್ಟುಬಿಡುತ್ತೇನೆ. ಎರಡು ರೇಖೆಗಳು ಒಂದನ್ನೊಂದು ಹಾಯ್ದರೆ ಎದುರುಬದುರಿನ ಶೃಂಗಾಭಿಮುಖ ಕೋನಗಳು ಸಮ, ಪಕ್ಕಪಕ್ಕದವು ಸರಳಯುಗ್ಮ, ಕೂಡಿದರೆ 180°. ಎರಡು ಕೋನ ಕೂಡಿ 90° ಆದರೆ ಪೂರಕ, 180° ಆದರೆ ಪರಿಪೂರಕ. ಹೆಸರು ಉದ್ದವಿದ್ದರೆ ಮೊತ್ತವೂ ದೊಡ್ಡದು ಅಂತ ನೆನಪಿಟ್ಟುಕೊಂಡಿದ್ದೇನೆ, ಇದುವರೆಗೆ ಕೈಕೊಟ್ಟಿಲ್ಲ.

ನಾನು ಎಡವಿದ್ದು ತ್ರಿಭುಜದ ಕೋನಗಳ ಮೊತ್ತ 180° ಅನ್ನುವ ಸಾಧನೆಯಲ್ಲಿ. ಕಾಗದದ ತ್ರಿಭುಜದ ಮೂರು ಮೂಲೆ ಹರಿದು ಜೋಡಿಸಿದರೆ ನೇರ ಗೆರೆಯಾಗುವುದನ್ನು ಮಾಡಿ ನೋಡಿದ್ದೆ. ಆದರೆ ಅದು ಆ ಒಂದು ಕಾಗದದ ಮಾತು. ಅರ್ಧ ಡಿಗ್ರಿ ಆಚೀಚೆ ಆದರೆ ಕಣ್ಣಿಗೆ ತಿಳಿಯುವುದೂ ಇಲ್ಲ.

ಸಾಧನೆ ಹೀಗೆ. ಎಬಿಸಿ ತ್ರಿಭುಜ, ಬಿಸಿ ತಳ, ಎಡಕ್ಕೆ ಬಿ, ಬಲಕ್ಕೆ ಸಿ. ಮೇಲಿನ ಶೃಂಗ ಎ ಮೂಲಕ ತಳಕ್ಕೆ ಸಮಾಂತರವಾಗಿ ಡಿಇ ಎಳೆಯಿರಿ, ಎಡಕ್ಕೆ ಡಿ, ಬಲಕ್ಕೆ ಇ. ಈಗ ಎ ಹತ್ತಿರ ಮೂರು ಕೋನಗಳು ಸೇರಿ ಒಂದು ಸರಳಕೋನ, ಅಂದರೆ 180°. ನಡುವಿನದು ತ್ರಿಭುಜದ್ದೇ. ಉಳಿದೆರಡು "ಪರ್ಯಾಯ ಕೋನಗಳು, ಆದ್ದರಿಂದ ಸಮ" ಅಂತ ಒಂದೇ ಸಾಲಲ್ಲಿ ಮುಗಿಸುತ್ತಾರೆ.

ಯಾವುದಕ್ಕೆ ಯಾವುದು ಪರ್ಯಾಯ? ಛೇದಕ ಅಂದರೆ ಎರಡು ರೇಖೆಗಳನ್ನೂ ಹಾಯುವ ಗೆರೆ; ಪರ್ಯಾಯ ಅಂದರೆ ಛೇದಕದ ಆ ಕಡೆ ಒಂದು, ಈ ಕಡೆ ಒಂದು ಅಂತ ಬಾಯಿಪಾಠ ಮಾಡಿದ್ದೆ. ಹಾಗಾಗಿ ಮೇಲೆ ಎಡಗಡೆಯ ∠ಡಿಎಬಿಗೆ ಕೆಳಗೆ ಬಲಗಡೆಯ ∠ಸಿ ಜೋಡಿ ಅಂದುಕೊಂಡೆ. ತಮಾಷೆ ಏನೆಂದರೆ, ಈ ತಪ್ಪು ಜೋಡಿಯಲ್ಲೂ ಮೊತ್ತ 180 ಬಂದೇ ಬರುತ್ತದೆ, ಎರಡು ಕೋನ ಅದಲುಬದಲಾಗಿವೆ ಅಷ್ಟೆ. ಆದ್ದರಿಂದ ತಪ್ಪು ಬಯಲಾಗಲಿಲ್ಲ. ∠ಬಿ = 70°, ∠ಸಿ = 40°, ∠ಡಿಎಬಿ ಎಷ್ಟು ಅಂತ ಒಂದು ಲೆಕ್ಕ ಬಂದಾಗ 40 ಬರೆದು ಸಿಕ್ಕಿಬಿದ್ದೆ. ಉತ್ತರ 70.

ನಾನು ಎಡ, ಬಲ ನೋಡಿದ್ದು ಇಡೀ ಚಿತ್ರಕ್ಕೆ. ನೋಡಬೇಕಾದದ್ದು ಛೇದಕಕ್ಕೆ, ಮತ್ತು ಇಲ್ಲಿ ಛೇದಕಗಳು ಎರಡಿವೆ, ಎಬಿ ಮತ್ತು ಎಸಿ. ಎಸಿಯನ್ನು ಬೆರಳಿಂದ ಮುಚ್ಚಿ. ಉಳಿಯುವುದು ಎರಡು ಸಮಾಂತರ ರೇಖೆ, ನಡುವೆ ಓರೆಯಾಗಿ ಎಬಿ. ಡಿಯಿಂದ ಎಗೆ, ಎಯಿಂದ ಕೆಳಗೆ ಬಿಗೆ, ಬಿಯಿಂದ ಸಿಗೆ ಪೆನ್ಸಿಲ್ ಎತ್ತದೆ ಹೋದರೆ ಇಂಗ್ಲಿಷಿನ ಝಡ್ ಅಕ್ಷರ. ಅದರ ಎರಡು ಮಡಿಕೆಗಳೇ ಪರ್ಯಾಯ ಕೋನಗಳು: ∠ಡಿಎಬಿ = ∠ಎಬಿಸಿ. ಎರಡೂ ಚಿತ್ರದ ಎಡಭಾಗದಲ್ಲೇ ಕಾಣುತ್ತವೆ, ಆದರೆ ಎಬಿ ಗೆರೆಗೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಈಗ ಎಬಿ ಮುಚ್ಚಿದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದ ಝಡ್: ∠ಇಎಸಿ = ∠ಎಸಿಬಿ.

ಬೆರಳಿಲ್ಲದ ಉಪಾಯವೂ ಇದೆ. ಡಿಎಬಿ, ಎಬಿಸಿ ಎರಡರಲ್ಲೂ "ಎಬಿ" ಅಕ್ಕಪಕ್ಕ ಇದೆ, ಅದೇ ಛೇದಕ. ನನ್ನ ತಪ್ಪು ಜೋಡಿ ಡಿಎಬಿ, ಎಸಿಬಿ. ಇದರಲ್ಲೂ ಎ, ಬಿ ಇವೆ, ಆದರೆ ಎರಡನೆಯದರಲ್ಲಿ ನಡುವೆ ಸಿ ತೂರಿಕೊಂಡಿದೆ. ಅಕ್ಕಪಕ್ಕ ಇಲ್ಲದಿದ್ದರೆ ಒಪ್ಪಬೇಡಿ. ಇನ್ನೊಂದು: ರೇಖೆಗಳು ಸಮಾಂತರ ಅಲ್ಲದಿದ್ದರೂ ಪರ್ಯಾಯ ಅನ್ನುವ ಹೆಸರು ಇರುತ್ತದೆ, ಸಮ ಮಾತ್ರ ಆಗುವುದಿಲ್ಲ.

ಬಾಹ್ಯಕೋನ, ಅಂದರೆ ಒಂದು ಬಾಹುವನ್ನು ಹೊರಗೆ ಬೆಳೆಸಿದಾಗ ಪಕ್ಕದ ಬಾಹುವಿನೊಂದಿಗೆ ಆಗುವ ಕೋನ, ಇದಾದಮೇಲೆ ಸಲೀಸು. ಬಿಸಿಯನ್ನು ಎಫ್‌ವರೆಗೆ ಬೆಳೆಸಿದರೆ ∠ಎಸಿಎಫ್ = ∠ಎ + ∠ಬಿ, ಏಕೆಂದರೆ ಎರಡು ಕಡೆಗೂ ∠ಸಿ ಸೇರಿಸಿದರೆ 180. ಸಿಯಲ್ಲಿ ಸೇರುವ ಎರಡೂ ಬಾಹುಗಳನ್ನು ಅದರಾಚೆಗೆ ಬೆಳೆಸಿದರೆ ಮಾತ್ರ ಹುಷಾರು: ಹೊರಗೆ ಮೂರು ಕೋನ ಕಾಣುತ್ತವೆ, ನಡುವಿನದು ಬಾಹ್ಯಕೋನವಲ್ಲ, ಒಳಗಿನ ಕೋನದ ಶೃಂಗಾಭಿಮುಖ. ಎಬಿ = ಎಸಿ, ಸಿಯಲ್ಲಿ ಬಾಹ್ಯಕೋನ 112° ಇದ್ದರೆ ∠ಸಿ = 68°, ∠ಬಿ ಕೂಡ 68°, ∠ಎ = 112 − 68 = 44°.

ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೋನಮೊತ್ತ, ಬಾಹ್ಯಕೋನ ಈ ಎರಡನ್ನೂ ತನ್ನ 'ಎಲಿಮೆಂಟ್ಸ್' ಗ್ರಂಥದ ಮೊದಲ ಪುಸ್ತಕದ 32ನೇ ಪ್ರಮೇಯವೊಂದರಲ್ಲೇ ಮುಗಿಸುತ್ತಾನೆ. ಅವನು ಸಮಾಂತರ ರೇಖೆ ಎಳೆಯುವುದು ಎ ಮೂಲಕವಲ್ಲ, ಸಿ ಮೂಲಕ, ಎಬಿಗೆ. ಆಗ ಬಾಹ್ಯಕೋನ ಎರಡು ತುಂಡಾಗುತ್ತದೆ: ಎಸಿ ಛೇದಕವಾದಾಗ ಒಂದು ತುಂಡು ∠ಎಗೆ ಪರ್ಯಾಯ, ಬಿಎಫ್ ಛೇದಕವಾದಾಗ ಇನ್ನೊಂದು ∠ಬಿಗೆ ಅನುರೂಪ (ಛೇದಕದ ಒಂದೇ ಕಡೆ, ಎರಡೂ ಸಮಾಂತರ ರೇಖೆಗಳಲ್ಲಿ ಒಂದೇ ಜಾಗದ ಕೋನ), ಆದ್ದರಿಂದ ಸಮ. ನನಗೀಗ ಇದೇ ಚಿತ್ರ ಹೆಚ್ಚು ಇಷ್ಟ, ಇಲ್ಲೂ ಬೆರಳು ಬೇಕು.