ಪೇಟೆಬೀದಿಯಾದ ಹೆದ್ದಾರಿ: ತುಮಕೂರಿನ ಬಿ.ಎಚ್. ರಸ್ತೆಯ ತಕರಾರಿನ ಹಿನ್ನೆಲೆ

ತುಮಕೂರಿನ ಬಿ.ಎಚ್. ರಸ್ತೆಯ ಫುಟ್‌ಪಾತ್ ಯಾರಿಗೆ ಸೇರಿದ್ದು ಎಂಬ ತಕರಾರು ಇಂದು ನಿನ್ನೆಯದಲ್ಲ. ಹಲಸಿನ ಕಾಲದಲ್ಲಿ ಸಂಜೆಯ ಹೊತ್ತು ಟೌನ್‌ಹಾಲ್ ಸುತ್ತಮುತ್ತ ನಡೆದರೆ ಅದು ಕಣ್ಣಿಗೇ ಕಾಣುತ್ತದೆ: ಅಂಗಡಿಯ ಮೆಟ್ಟಿಲು ಮುಗಿಯುವಲ್ಲಿಂದಲೇ ಬೈಕುಗಳ ಸಾಲು, ಅದರಾಚೆ ಒಂದು ತಳ್ಳುಗಾಡಿ, ಅಂಟು ಹಿಡಿಯದಂತೆ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಿರುವ ಹೆಂಗಸು, ಅವಳ ಬೆನ್ನ ಹಿಂದೆಯೇ ಹಾದುಹೋಗುವ ಬಸ್ಸು.

ಈ ಇಕ್ಕಟ್ಟಿನ ಮೂಲ ರಸ್ತೆಯ ಹೆಸರಿನಲ್ಲೇ ಇದೆ. ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ. ಕರಾವಳಿಯತ್ತ ಹೋಗುವವರ ಈ ದಾರಿ ಮುಂದೆ ತುಮಕೂರಿನಿಂದಾಚೆಗೆ 206ನೇ ರಾಷ್ಟ್ರೀಯ ಹೆದ್ದಾರಿಯಾಯಿತು. ಊರಿನ ಹಳೆಯ ವ್ಯಾಪಾರವಾದರೋ ಚಿಕ್ಕಪೇಟೆ, ಮಂಡಿಪೇಟೆಗಳ ಕಿರುಬೀದಿಗಳದು. 1884ರಲ್ಲಿ ಬೆಂಗಳೂರಿನಿಂದ ರೈಲು ಬಂದಾಗಲೂ ಪೇಟೆಯೆಂದರೆ ಅದೇ. 1966ರ ಕೃಷಿ ಮಾರುಕಟ್ಟೆ ಕಾಯ್ದೆಯ ನಂತರ ಸಗಟು ವಹಿವಾಟು ಎಪಿಎಂಸಿ ಪ್ರಾಂಗಣದ ಕಡೆಗೆ ಸರಿದರೆ, ಬಟ್ಟೆ, ಚಿನ್ನ, ಮೊಬೈಲಿನಂಥ ಚಿಲ್ಲರೆ ವ್ಯಾಪಾರ ಬಸ್ಸು ಓಡಾಡುವ ಹೆದ್ದಾರಿಯ ಬದಿಯನ್ನೇ ಹಿಡಿಯಿತು. ಪುಣೆ ಕಡೆಯ ಲಾರಿಗಳು ಬೈಪಾಸ್ ಹಿಡಿದ ಮೇಲೂ ಈ ರಸ್ತೆಯನ್ನು ವಾಹನ ಸಾಗಿಸುವ ದಾರಿಯೆಂದು ನೋಡುವ ರೂಢಿ ಮಾತ್ರ ಬದಲಾಗಲಿಲ್ಲ.

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಕೇಂದ್ರದಿಂದ ಐದು ವರ್ಷಗಳಲ್ಲಿ 500 ಕೋಟಿ ರೂಪಾಯಿ, ರಾಜ್ಯದಿಂದಲೂ ಅಷ್ಟೇ ಹಣ ಎಂಬುದು ಯೋಜನೆಯ ಲೆಕ್ಕ. ಊರಿನ ರಸ್ತೆಗಳನ್ನು ಅಗೆದು ಮತ್ತೆ ಕಟ್ಟಲಾಯಿತು.

ಅದಕ್ಕಿಂತ ಮೊದಲೇ, 2014ರಲ್ಲಿ, ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಿತ್ತು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ, ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಪ್ರಮಾಣಪತ್ರ ಕೊಡಬೇಕು; ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೈಸೇರುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ; ಸ್ಥಳಾಂತರಿಸುವುದಾದರೆ 30 ದಿನಗಳ ನೋಟಿಸ್ ಬೇಕು ಎಂದು ಅದು ಹೇಳುತ್ತದೆ. ಜಾಗ ಗುರುತಿಸುವಲ್ಲಿ ಮಾತಿರುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಫುಟ್‌ಪಾತ್ ತೆರವಿನ ಮಾತು ಬಂದಾಗಲೆಲ್ಲ ಮೊದಲು ಕಣ್ಣು ಬೀಳುವುದು ತಳ್ಳುಗಾಡಿಯ ಮೇಲೆ. ನನ್ನ ಮಟ್ಟಿಗೆ ಇದು ಅನ್ಯಾಯ, ಏಕೆಂದರೆ ನಡೆಯುವವರ ಜಾಗವನ್ನು ಅದಕ್ಕಿಂತ ಹೆಚ್ಚಾಗಿ ನುಂಗಿರುವುದು ನಿಲುಗಡೆಗೆ ಸ್ಥಳ ಬಿಡದೆ ಎದ್ದ ಕಟ್ಟಡಗಳು ಮತ್ತು ಅವುಗಳ ಮುಂದೆ ನಿಲ್ಲುವ ವಾಹನಗಳು. ಗಾಡಿ ರಾತ್ರಿ ಮನೆಗೆ ಹೋಗುತ್ತದೆ, ಕಟ್ಟಡ ಹೋಗುವುದಿಲ್ಲ.

ಕೊಳ್ಳುವವರೂ ಮಾರುವವರೂ ಹಿಂದಿನಿಂದ ಬಂದು ಸೇರುವ ಜಾಗಕ್ಕೆ ಅದೇ ಕಾಯ್ದೆ ಸಹಜ ಮಾರುಕಟ್ಟೆಯೆಂಬ ಮಾನ್ಯತೆ ಕೊಟ್ಟಿದೆ. 50 ವರ್ಷಕ್ಕೂ ಮೀರಿ ಬೀದಿ ವ್ಯಾಪಾರ ನಡೆದಲ್ಲಿ ಅದನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎನ್ನುತ್ತದೆ. ಮಂಡಿಪೇಟೆಯ ಓಣಿಗಳಿಂದ ಬಿ.ಎಚ್. ರಸ್ತೆಯವರೆಗೆ ಯಾವ ಮೂಲೆಯಲ್ಲಿ ಎಷ್ಟು ಕಾಲದಿಂದ ಯಾರು ಕೂತಿದ್ದಾರೆ ಎಂದು ಬರೆದಿಡುವುದರಿಂದಲೇ ಕೆಲಸ ಶುರುವಾಗಬೇಕು.