ತೆಂಗಿನೆಣ್ಣೆ ಹೆಪ್ಪುಗಟ್ಟಿದ ಬೆಳಗ್ಗೆ

ಧನುರ್ಮಾಸದ ಬೆಳಗ್ಗೆ ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಬಾಟಲಿಯನ್ನು ಕವುಚಿ ಹಿಡಿದರೂ ತೊಟ್ಟು ಇಳಿಯುವುದಿಲ್ಲ. ಬಿಸಿನೀರಿನ ಚೆಂಬಿನಲ್ಲಿ ಅದ್ದಬೇಕು. 24 ಡಿಗ್ರಿಯ ಆಸುಪಾಸಿಗೆ ಇಳಿದರೆ ಎಣ್ಣೆ ಹೆಪ್ಪು. ನಮ್ಮ ಚಳಿಯ ಪ್ರತಾಪ ಅಷ್ಟೇ.

ಲಡಾಖಿನಲ್ಲಿ ಇದೇ ಗತಿ ಡೀಸೆಲಿಗೆ. ಅದರೊಳಗಿನ ಮೇಣ ಹರಳುಗಟ್ಟಿ ಫಿಲ್ಟರಿನಲ್ಲಿ ಕಟ್ಟಿಕೊಂಡರೆ, ಟ್ಯಾಂಕು ತುಂಬಿದ್ದರೂ ಮೊಬೈಲ್ ಟವರಿನ ಜನರೇಟರಿಗೆ ಉಪವಾಸ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಅಲ್ಲಿಗೆಂದೇ ತಂದಿತು.

ತಮಾಷೆಯೆಂದರೆ, ರೇಡಿಯೋ ತರಂಗಕ್ಕೆ ಚಳಿಯೇ ಇಲ್ಲ. ದ್ರವ ನೀರಿನ ಅಣುಗಳು ಮೈಕ್ರೋವೇವ್ (ಟವರುಗಳು ಬಳಸುವ ಕಿರು ರೇಡಿಯೋ ತರಂಗ) ಜೊತೆ ಹೊರಳಾಡುತ್ತ ಅದರ ಶಕ್ತಿಯನ್ನು ನುಂಗುತ್ತವೆ. ಮಂಜುಗಡ್ಡೆಯಲ್ಲಿ ಅವು ಬಿಗಿದು ಕೂತಿರುತ್ತವೆ. ಹಾಗಾಗಿ ಒಣ ಹಿಮದೊಳಗೆ ತರಂಗ ಸಲೀಸಾಗಿ ಹಾಯುತ್ತದೆ. ಆಂಟೆನಾಕ್ಕೆ ಅಂಟಿ ಅರ್ಧ ಕರಗಿದ ಹಿಮ ಮಾತ್ರ ಉಪದ್ರ. ನಮ್ಮ ಆಟಿಯ ಜಡಿಮಳೆಯೇ ಟವರಿಂದ ಟವರಿಗೆ ಹಾರುವ 10 ಗಿಗಾಹರ್ಟ್ಸ್ ಮೀರಿದ ಸಂಕೇತಕ್ಕೆ ಹೆಚ್ಚು ಕಾಟ ಕೊಡುವುದು. (ನಮ್ಮಲ್ಲಿ ರೇಂಜ್ ಹೋಗಲು ಮಳೆಗಿಂತ ಕರಂಟು ಹೋಗಿದ್ದೇ ಹೆಚ್ಚಿನ ಸಲ ಕಾರಣ ಎಂಬುದು ನನ್ನ ಗುಮಾನಿ.)

ಚಳಿ ಹೊಡೆಯುವುದು ಟವರಿನ ಹೊಟ್ಟೆಗೆ, ಅಂದರೆ ಬ್ಯಾಟರಿಗೆ. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲದ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟದು. ಬರಿದಾದಾಗ ಆಮ್ಲ ತೆಳುವಾಗಿ ಬಹುಪಾಲು ನೀರೇ ಉಳಿಯುತ್ತದೆ. ಮೈನಸ್ 10ರ ಹೊತ್ತಿಗೇ ಹೆಪ್ಪುಗಟ್ಟಿ, ಉಬ್ಬಿ, ಡಬ್ಬಿ ಒಡೆಯಬಹುದು. ಲಿಥಿಯಂ ಬ್ಯಾಟರಿಯದು ಬೇರೆ ರಗಳೆ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ತಾನು ಸೇರಬೇಕಾದ ಗ್ರಾಫೈಟ್ ವಿದ್ಯುದ್ವಾರದೊಳಗೆ ಹೋಗದೆ ಮೇಲೆಯೇ ಲೋಹದ ಪದರವಾಗಿ ಕೂರುತ್ತದೆ, ಮುಂದೆ ಶಾರ್ಟ್ ಆಗುವ ಭಯ. ಮೊದಲು ಬೆಚ್ಚಗಾಗಿಸಿ, ಆಮೇಲೆ ಚಾರ್ಜ್.

ಬೆಚ್ಚಗಾಗಿಸುವುದು ಯಾವ ಕರಂಟಿನಿಂದ? ಇಂಜಿನಿಯರರ ಜಾಣ್ಮೆ ಇರುವುದು ಇಲ್ಲೇ. ನಮ್ಮೂರ ಟವರಿನಲ್ಲಿ ಫ್ಯಾನು ಹೊರಗೆ ಅಟ್ಟುವ ಬಿಸಿಯನ್ನು ಲಡಾಖಿನಲ್ಲಿ ದಪ್ಪ ಹೊದಿಕೆಯ ಪೆಟ್ಟಿಗೆಯೊಳಗೆ ಜೋಪಾನ ಮಾಡುತ್ತಾರೆ. ರೇಡಿಯೋ ಉಪಕರಣದ ಬಿಸಿಯೇ ಬ್ಯಾಟರಿಗೆ ಕಂಬಳಿ. ಆದರೆ 3500 ಮೀಟರ್ ಎತ್ತರದ ಲೇಹ್‌ನಲ್ಲಿ ಮಧ್ಯಾಹ್ನದ ಬಿಸಿಲು ಚುರುಕು, ಗಾಳಿ ತೆಳು, ಫ್ಯಾನಿನ ಕೈ ಸಾಲದು. ಒಂದೇ ಪೆಟ್ಟಿಗೆ ರಾತ್ರಿ ನಡುಗಲೂಬಾರದು, ಹಗಲು ಬೇಯಲೂಬಾರದು. ರಾತ್ರಿಯಿಡೀ ಕರಂಟಿಲ್ಲದೆ ತಣ್ಣಗಾದ ಉಪಕರಣಕ್ಕೆ ಬೆಳಗ್ಗೆ ನೇರ ಸ್ವಿಚ್ ಹಾಕುವಂತೆಯೂ ಇಲ್ಲ: ಮೊದಲು ಹೀಟರ್, ಬಳಿಕ ರೇಡಿಯೋ. ಉಪಕರಣದೊಳಗಿನ ಸಾಮಾನ್ಯ ಎಲೆಕ್ಟ್ರಾನಿಕ್ ಚಿಪ್‌ಗಳ ಖಾತರಿ ಸೊನ್ನೆ ಡಿಗ್ರಿಗೇ ಮುಗಿಯುತ್ತದೆ, ಕೈಗಾರಿಕಾ ದರ್ಜೆಯವು ಮೈನಸ್ 40ರವರೆಗೆ ತಾಳುತ್ತವೆ.

ಸೋರಿದ ಕರಂಟನ್ನು ಸರಳಿನ ಮೂಲಕ ನೆಲಕ್ಕಿಳಿಸುವ ಅರ್ಥಿಂಗ್ ಕೂಡ ತಲೆನೋವೇ. ಇಲ್ಲಿ ಬೇಸಗೆಯಲ್ಲಿ ಮುರಕಲ್ಲಿನ ನೆಲ ಒಣಗಿದರೆ ಗುಂಡಿಗೆ ಎರಡು ಕೊಡ ನೀರು ಹೊಯ್ಯುತ್ತೇವೆ. ಅಲ್ಲಿ ಹೊಯ್ದ ನೀರೇ ಕಲ್ಲಾಗಿ ಕರಂಟಿಗೆ ಅಡ್ಡ ನಿಲ್ಲುತ್ತದೆ. ಸರಳು ಹೆಪ್ಪುಗಟ್ಟದ ಆಳಕ್ಕೆ ಇಳಿಯಬೇಕು.