ಬಾಲದಿಂದ ಕಿವಿ ಮುಚ್ಚಿಕೊಂಡ ಹಾವು

ಪ್ರಶ್ನೆ: ಮಧ್ಯಯುಗದ ಯುರೋಪಿನ ಹಸ್ತಪ್ರತಿಗಳ ಚಿತ್ರಗಳಲ್ಲಿ ಹಾವೊಂದು ತನ್ನ ಒಂದು ಕಿವಿಯನ್ನು ನೆಲಕ್ಕೆ ಒತ್ತಿ, ಇನ್ನೊಂದು ಕಿವಿಗೆ ಬಾಲದ ತುದಿಯನ್ನು ತುರುಕಿಕೊಂಡಿರುವುದನ್ನು ನೋಡಿದೆ. ಹಾವಿಗೆ ಕಿವಿಯೇ ಇಲ್ಲವಲ್ಲ, ಆ ಕಾಲದವರು ಹಾವನ್ನು ಕಣ್ಣಾರೆ ಕಂಡಿರಲಿಲ್ಲವೇ?

ಉತ್ತರ: ಖಂಡಿತ ಕಂಡಿದ್ದರು. ಇಂತಹ ಚಿತ್ರಗಳು ಹೇರಳವಾಗಿ ದೊರೆಯುವುದು 12 ಮತ್ತು 13ನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಸಿದ್ಧವಾದ ಬೆಸ್ಟಿಯರಿಗಳಲ್ಲಿ, ಅಂದರೆ ಪ್ರಾಣಿಗಳ ಗುಣಗಳನ್ನು ಹೇಳಿ ಅವುಗಳಿಂದ ಧರ್ಮಬೋಧೆ ಮಾಡುವ ಸಚಿತ್ರ ಗ್ರಂಥಗಳಲ್ಲಿ. ಆ ದೇಶದ ಕುರುಚಲು ಬಯಲುಗಳಲ್ಲಿ ನಮ್ಮ ಕೊಳಕುಮಂಡಲದ ದೂರದ ಬಂಧುವಾದ ಆಡರ್ ಎಂಬ ವಿಷದ ಹಾವು ಇತ್ತು, ಇಂದಿಗೂ ಇದೆ. ಚಿತ್ರ ಬರೆದವನು ಅದನ್ನು ನೋಡಿರಲೂ ಸಾಕು. ಆದರೆ ಕುಂಚ ಹಿಡಿದಾಗ ಅವನ ಎದುರಿಗಿದ್ದದ್ದು ಪುಸ್ತಕದ ಹಾವು. ಅದಕ್ಕೆ ಆಸ್ಪ್ ಎಂದು ಹೆಸರು. ಅದನ್ನು ಅವನು ಕಂಡಿರಲಿಲ್ಲವಾದ್ದರಿಂದ ಕೆಲವು ಪ್ರತಿಗಳಲ್ಲಿ ಅದಕ್ಕೆ ರೆಕ್ಕೆ, ಕಾಲು, ನಾಯಿಯಂತಹ ನಿಮಿರಿದ ಕಿವಿಗಳೂ ಬಂದಿವೆ. ಎದುರಿಗೆ ಮಂತ್ರದ ಸುರುಳಿಯನ್ನು ಬಿಚ್ಚಿಹಿಡಿದ ಒಬ್ಬ ಮಾಂತ್ರಿಕ ನಿಂತಿರುತ್ತಾನೆ.

ಈ ಕಥೆಯ ಬೇರು ಬೈಬಲಿನ ಕೀರ್ತನೆಗಳ ಭಾಗದಲ್ಲಿದೆ. 58ನೆಯ ಕೀರ್ತನೆಯು ದುಷ್ಟರ ವಿಷವನ್ನು ಹಾವಿನ ವಿಷಕ್ಕೆ ಹೋಲಿಸುತ್ತದೆ. ಎಷ್ಟೇ ನಿಪುಣನಾದ ಹಾವಾಡಿಗನ ಸ್ವರಕ್ಕೂ ಓಗೊಡದೆ ಕಿವಿ ಮುಚ್ಚಿಕೊಳ್ಳುವ ಕಿವುಡು ಸರ್ಪದಂತೆ ಅವರು ಎನ್ನುತ್ತದೆ. ಅಲ್ಲಿ ಬಾಲದ ಮಾತೇ ಇಲ್ಲ. ಬಹುಶಃ ಬಾಲ ಹುಟ್ಟಿಕೊಂಡದ್ದು ಓದುಗರ ಮನಸ್ಸಿನಲ್ಲಿ ಏಳುವ ಸಹಜವಾದ ಸಂದೇಹದಿಂದ: ಕೈಯಿಲ್ಲದ ಪ್ರಾಣಿ ಕಿವಿ ಮುಚ್ಚಿಕೊಳ್ಳುವುದಾದರೂ ಹೇಗೆ? ಬಾಲದಿಂದ ಎಂದರೆ, ಇರುವುದು ಒಂದೇ ಬಾಲ, ಕಿವಿಗಳು ಎರಡು. ಆದ್ದರಿಂದ ಇನ್ನೊಂದನ್ನು ನೆಲಕ್ಕೆ ಒತ್ತಲೇಬೇಕು. ಧರ್ಮಗ್ರಂಥದ ಪ್ರತಿ ಪದವೂ ಸತ್ಯವೆಂದು ನಂಬಿದವರು ಎಷ್ಟು ಶ್ರದ್ಧೆಯಿಂದ ಲೆಕ್ಕ ಹಾಕುತ್ತಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚುವುದಿಲ್ಲ.

354ರಿಂದ 430ರವರೆಗೆ ಬದುಕಿದ್ದ ಸಂತ ಅಗಸ್ಟೀನ್ ಈ ಕೀರ್ತನೆಯ ಮೇಲೆ ಮಾಡಿದ ಪ್ರವಚನದಲ್ಲಿಯೇ ನೆಲಕ್ಕೆ ಒತ್ತಿದ ಕಿವಿ ಮತ್ತು ಬಾಲದ ವಿವರ ಬರುತ್ತದೆ. ಹಾವನ್ನು ಬಿಲದಿಂದ ಹೊರಗೆ ಕರೆಯುವವನನ್ನು ಅವರು ಮಾರ್ಸಿ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಮಾರ್ಸಿಗಳೆಂದರೆ ಹಾವಿನ ವಿದ್ಯೆಗೆ ರೋಮನ್ನರ ಕಾಲದಿಂದ ಹೆಸರಾಗಿದ್ದ ಮಧ್ಯ ಇಟಲಿಯ ಜನ. (ಅದೇ ಅಬ್ರುಝೋ ಸೀಮೆಯ ಕೊಕುಲ್ಲೊ ಎಂಬ ಹಳ್ಳಿಯಲ್ಲಿ ಈಗಲೂ ಮೇ 1ರಂದು ಸಂತ ಡೊಮೆನಿಕೊನ ಮೂರ್ತಿಯ ಮೈತುಂಬ ವಿಷವಿಲ್ಲದ ಜೀವಂತ ಹಾವುಗಳನ್ನು ಹೊದಿಸಿ ಮೆರವಣಿಗೆ ಮಾಡುತ್ತಾರೆ.) ಮುಂದೆ 636ರಲ್ಲಿ ತೀರಿಕೊಂಡ ಸೆವಿಲ್ಲೆಯ ಬಿಷಪ್ ಇಸಿಡೋರ್ ತಮ್ಮ ವಿಶ್ವಕೋಶದ ಹನ್ನೆರಡನೆಯ ಸಂಪುಟದಲ್ಲಿ, ಹಾವುಗಳ ಅಧ್ಯಾಯದಲ್ಲಿ, ಇದನ್ನು ಆಸ್ಪ್‌ನ ಗುಣವೆಂದೇ ಬರೆದರು. ಪ್ರವಚನದಲ್ಲಿ ದೃಷ್ಟಾಂತವಾಗಿದ್ದದ್ದು ಅಲ್ಲಿ ಪ್ರಾಣಿಶಾಸ್ತ್ರದ ಸಂಗತಿಯಾಯಿತು, ಮತ್ತು ಬೆಸ್ಟಿಯರಿಗಳನ್ನು ಬರೆದವರು ಇಸಿಡೋರರ ಮಾತುಗಳನ್ನೇ ಎತ್ತಿಕೊಂಡರು. ಅವರು ಹೇಳಿದ ನೀತಿ ಹೀಗಿದೆ: ಲೋಕದ ಸಿರಿವಂತರು ಒಂದು ಕಿವಿಯನ್ನು ಭೂಮಿಯ ಆಸೆಗಳಿಗೆ ಒತ್ತಿಕೊಂಡಿದ್ದಾರೆ, ಇನ್ನೊಂದನ್ನು ಅವರ ಪಾಪಗಳೇ ಮುಚ್ಚಿವೆ, ದೇವರ ಮಾತು ಯಾವ ದಾರಿಯಿಂದಲೂ ಒಳಗೆ ಹೋಗುವುದಿಲ್ಲ.

ಹಾಗೆಂದು ಈ ಗ್ರಂಥಗಳೆಲ್ಲ ಕಣ್ಣುಮುಚ್ಚಿ ಬರೆದವು ಎಂದು ತಳ್ಳಿಹಾಕುವುದು ಅನ್ಯಾಯವಾಗುತ್ತದೆ. ಬೆಸ್ಟಿಯರಿಗಳಿಗೆ ಮೂಲವಾದ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ಫಿಸಿಯೊಲೊಗಸ್ ಎಂಬ ಗ್ರಂಥವು ಹಾವು ಪೊರೆ ಬಿಡುವುದನ್ನು ವರ್ಣಿಸುವ ರೀತಿಯನ್ನು ನೋಡಿ: ಮುಪ್ಪಾದ ಹಾವಿಗೆ ಕಣ್ಣು ಮಂಜಾಗುತ್ತದೆ, ಅದು ನಲವತ್ತು ದಿನ ಉಪವಾಸವಿರುತ್ತದೆ, ಬಳಿಕ ಬಂಡೆಯ ಕಿರಿದಾದ ಸಂದಿಯೊಳಗೆ ನುಸುಳಿ ಹಳೆಯ ಚರ್ಮವನ್ನು ಕಳಚಿ ಹೊಸದಾಗುತ್ತದೆ. ನಲವತ್ತು ಎಂಬ ಸಂಖ್ಯೆ ಯೇಸುವಿನ ಉಪವಾಸದಿಂದ ಬಂದದ್ದು, ಕಿರಿದಾದ ಸಂದಿ ಸುವಾರ್ತೆಯ ಇಕ್ಕಟ್ಟಾದ ಬಾಗಿಲು. ಆದರೆ ಮಿಕ್ಕದ್ದನ್ನು ಯಾರೋ ಬಳಿಯಲ್ಲಿ ಕುಳಿತು ನೋಡಿದ್ದಾರೆ. ಪೊರೆ ಬಂದ ಹಾವಿನ ಕಣ್ಣು ನಿಜವಾಗಿಯೂ ಹಾಲು ಬೆರೆತ ನೀಲಿಗೆ ತಿರುಗುತ್ತದೆ, ಆಗ ಅದಕ್ಕೆ ನೋಟ ಮಸುಕು, ಸಾಮಾನ್ಯವಾಗಿ ಅದು ಆಹಾರ ಮುಟ್ಟುವುದಿಲ್ಲ, ಮೂತಿಯನ್ನು ಒರಟಾದ ಕಲ್ಲಿಗೋ ಕೊರಡಿಗೋ ಉಜ್ಜಿ ತುಟಿಯ ಬಳಿ ಚರ್ಮವನ್ನು ಬಿಡಿಸಿಕೊಂಡು ಇಕ್ಕಟ್ಟಿನಲ್ಲಿ ನುಸುಳುತ್ತದೆ. ತಪ್ಪಿದ್ದು ಮುಪ್ಪಿನ ವಿಷಯದಲ್ಲಿ ಮಾತ್ರ. ಪೊರೆ ಬಿಡುವುದು ಬೆಳವಣಿಗೆಯ ಲಕ್ಷಣ, ಮರಿಗಳೇ ಹೆಚ್ಚು ಸಲ ಬಿಡುತ್ತವೆ.

ಇನ್ನು ಹಾವು ಕಚ್ಚಿದವರನ್ನು ಉಳಿಸಬೇಕಾಗಿದ್ದವರು ಬೇರೆಯೇ ಬಗೆಯ ಪುಸ್ತಕಗಳನ್ನು ಬರೆದರು. 1198ರ ಸುಮಾರಿಗೆ ಕೈರೋದಲ್ಲಿ ಮೈಮೊನೈಡೀಸ್ ಎಂಬ ಯಹೂದಿ ವೈದ್ಯರು ವಿಷಚಿಕಿತ್ಸೆಯ ಮೇಲೆ ಅರಬ್ಬಿಯಲ್ಲಿ ಒಂದು ಕೈಪಿಡಿ ರಚಿಸಿದರು. ಕಡಿತದ ಮೇಲ್ಭಾಗವನ್ನು ಕಟ್ಟುವುದು, ವಿಷ ಹೀರುವುದು ಮೊದಲಾದ ತುರ್ತು ಕ್ರಮಗಳು ಅದರಲ್ಲಿವೆ. (ಇವೆರಡೂ ಅಪಾಯಕರವೆಂದು ಇಂದಿನ ವೈದ್ಯರು ಹೇಳುತ್ತಾರೆ, ಕಡಿತಕ್ಕೆ ಒಳಗಾದವರನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.) ಕನ್ನಡದಲ್ಲಿ 14ನೆಯ ಶತಮಾನದ ಮಂಗರಾಜ ಬರೆದ ಖಗೇಂದ್ರಮಣಿದರ್ಪಣವೂ ವಿಷವೈದ್ಯದ ಗ್ರಂಥವೇ.

ಈಗ ಕಿವಿಯ ಮಾತಿಗೆ ಬರೋಣ. ಬೇಲಿಯಲ್ಲೋ ಕಲ್ಲುರಾಶಿಯ ಸಂದಿಯಲ್ಲೋ ಹಾವಿನ ಪೊರೆ ಸಿಕ್ಕರೆ ಅದರ ತಲೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಹಾವಿಗೆ ರೆಪ್ಪೆಯಿಲ್ಲದ್ದರಿಂದ ಕಣ್ಣನ್ನು ಮುಚ್ಚಿದ್ದ ಪಾರದರ್ಶಕ ಹುರುಪೆ ಗಡಿಯಾರದ ಗಾಜಿನಂತೆ ಗುಂಡಗೆ ಉಳಿದಿರುತ್ತದೆ, ಮೂಗಿನ ಹೊಳ್ಳೆಗಳ ರಂಧ್ರಗಳೂ ಕಾಣುತ್ತವೆ, ಆದರೆ ಕಿವಿ ಇರಬೇಕಾದ ಜಾಗದಲ್ಲಿ ಸಾಲುಸಾಲು ಹುರುಪೆಗಳಲ್ಲದೆ ಏನೂ ಇಲ್ಲ. ಹೊರಗಿವಿಯೂ ಇಲ್ಲ, ಕಿವಿದಮಟೆಯೂ ಇಲ್ಲ. ನಮ್ಮ ಹಿಂದಿನವರು ಇದನ್ನು ಗಮನಿಸಿದ್ದರು. ಕಿವಿಯಿಲ್ಲ, ಆದರೂ ಎದುರಿನವನಿಗೆ ಸ್ಪಂದಿಸುತ್ತದೆ. ಹಾಗಾದರೆ ಕಣ್ಣಿನಿಂದಲೇ ಕೇಳುತ್ತಿರಬೇಕು ಎಂಬ ಅರ್ಥದ ಚಕ್ಷುಃಶ್ರವಾಃ ಎಂಬ ಹೆಸರು ಅಮರಕೋಶದಲ್ಲಿ ಹಾವಿನ ಪರ್ಯಾಯಪದಗಳ ಸಾಲಿನಲ್ಲಿದೆ. ಹಾವಾಡಿಗನ ಮುಂದೆ ಹೆಡೆಯೆತ್ತಿದ ನಾಗರಹಾವಿನ ಮಟ್ಟಿಗೆ ಇದು ಸತ್ಯಕ್ಕೆ ಬಹಳ ಹತ್ತಿರದ ಮಾತು, ಏಕೆಂದರೆ ಅದು ಅನುಸರಿಸುವುದು ಪುಂಗಿಯ ನಾದವನ್ನಲ್ಲ, ಎಡಕ್ಕೂ ಬಲಕ್ಕೂ ತೂಗುವ ಪುಂಗಿಯನ್ನು.

ಆದರೂ ಹಾವು ಪೂರ್ತಿ ಕಿವುಡಲ್ಲ. ತಲೆಬುರುಡೆಯೊಳಗೆ ಅದಕ್ಕೆ ಒಳಗಿವಿ ಇದೆ, ಅಲ್ಲಿಂದ ಹೊರಟ ಕಡ್ಡಿಯಂತಹ ಒಂದು ಸಣ್ಣ ಮೂಳೆ ದವಡೆಯನ್ನು ಹಿಡಿದಿರುವ ಮೂಳೆಗೆ ತಾಗಿಕೊಂಡಿದೆ. ಗಾಳಿಯಲ್ಲಿ ಬರುವ ಶಬ್ದಗಳಲ್ಲಿ ತಗ್ಗು ಸ್ವರಗಳು ಮಾತ್ರ ಅದಕ್ಕೆ ಚೆನ್ನಾಗಿ ತಲುಪುತ್ತವೆ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಗ್ರಹಿಸಿದರೆ, ಆಫ್ರಿಕದ ರಾಯಲ್ ಹೆಬ್ಬಾವಿನಲ್ಲಿ ಗ್ರಹಿಕೆ ಅತ್ಯಂತ ಚುರುಕಾಗಿರುವುದು 80ರಿಂದ 160 ಹರ್ಟ್ಸ್ ನಡುವೆ. ನೆಲದ ಕಂಪನವಾದರೋ ಕೆಳದವಡೆಯಿಂದ ಆ ಸಣ್ಣ ಮೂಳೆಗೂ ಅಲ್ಲಿಂದ ಒಳಗಿವಿಗೂ ನೇರವಾಗಿ ಹರಿಯುತ್ತದೆ. ಆದ್ದರಿಂದ ನೀವು ನೋಡಿದ ಚಿತ್ರದಲ್ಲಿ ಬಾಲದಿಂದ ಮುಚ್ಚಿದ ಕಿವಿ ಕಲ್ಪನೆಯದಾದರೂ ನೆಲಕ್ಕೆ ಒತ್ತಿದ ತಲೆ ಹಾವಿನದೇ, ಅದರ ಅರ್ಥ ಮಾತ್ರ ತಿರುವುಮುರುವಾಗಿದೆ: ಸುರುಳಿ ಹಿಡಿದು ಬಂದ ಮಾಂತ್ರಿಕನ ಹೆಜ್ಜೆಯ ಸದ್ದು ಆ ಪ್ರಾಣಿಗೆ ತಲುಪುವುದು ಅದು ಮುಚ್ಚಿಕೊಂಡಿದೆ ಎಂದು ಅವರು ತಿಳಿದಿದ್ದ ಆ ಕಡೆಯಿಂದಲೇ.